ಹೆಸರು ಹಿಡಿದು ಕರೆಯಬಾರದ ಬೆಟ್ಟ

ಹಾರನಹಳ್ಳಿಯಿಂದ ಒಳಗೆ ಹೋಗುವ ಮಣ್ಣು ರಸ್ತೆಯ ಕೊನೆಯ ಊರಿನಲ್ಲಿ ಜಾನಕಮ್ಮ ಎಂಬ ಹೆಂಗಸಿದ್ದಳು. ಅವಳಿಗೆ ದಿಗಿಲಿಲ್ಲದ ದಿನವೇ ಇರಲಿಲ್ಲ. ಹಾಲು ಉಕ್ಕಿದರೆ ದಿಗಿಲು, ಉಕ್ಕದಿದ್ದರೆ ಹಾಲಿಗೇನಾಯಿತೋ ಎಂದು ದಿಗಿಲು. ಮಗ ರಘು ಅರಸೀಕೆರೆಯ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನು ಬರುವ ಸಂಜೆ ಬಸ್ಸು ತುಸು ತಡವಾದರೆ ಸಾಕು, ಅದು ಹಳ್ಳಕ್ಕೆ ಬಿದ್ದಿತೆಂದೇ ತೀರ್ಮಾನ. ಒಂದು ದಿನ ಬೇಗ ಬಂದನೋ, ಯಾಕೆ ಬೇಗ ಬಂದ, ಅಂಗಡಿಯಲ್ಲಿ ಏನಾದರೂ ಜಗಳವಾಯಿತೇ ಎಂದು ಶುರು. ಊರವರು ಬೆನ್ನ ಹಿಂದೆ ಅವಳನ್ನು ದಿಗಿಲು ಜಾನಕಮ್ಮ ಎನ್ನುತ್ತಿದ್ದುದು ಅವಳಿಗೂ ಗೊತ್ತಿತ್ತು. ಅಂದುಕೊಳ್ಳಲಿ ಬಿಡಿ, ಒಂದು ಮನೆಯಲ್ಲಿ ಒಬ್ಬರಾದರೂ ಯೋಚನೆ ಮಾಡುವವರು ಬೇಡವೇ ಎನ್ನುತ್ತಿದ್ದಳು.

ಅವಳ ಗಂಡ ಬೋರಯ್ಯ ಯೋಚನೆಯ ಗೊಡವೆಗೆ ಹೋದವನೇ ಅಲ್ಲ. ತೆಂಗಿನ ತೋಟ, ಎರಡು ಎಮ್ಮೆ, ಒಂದಿಷ್ಟು ರಾಗಿ ಹೊಲ, ಮಧ್ಯಾಹ್ನಕ್ಕೆ ಬಿಸಿ ಮುದ್ದೆ, ಇಷ್ಟಿದ್ದರೆ ಅವನ ಪ್ರಪಂಚ ಸುಸೂತ್ರ. ತೋಟವಿದ್ದದ್ದು ಕೆರೆ ಏರಿಯ ಆಚೆ. ಮದುವೆಯಾದ ಹೊಸದರಲ್ಲಿ ಅತ್ತೆ ಒಂದು ದಿನ, ಹೋಗಿ ನಿನ್ನ ಗಂಡನನ್ನು ಊಟಕ್ಕೆ ಕರೆದುಕೊಂಡು ಬಾ ಎಂದು ಕಳಿಸಿದಳು. ಹುಡುಗಿ ಏರಿಯ ಮೇಲೆ ಹೋಗಿ ನಿಂತಳು. ಕರೆಯುವುದಾದರೂ ಹೇಗೆ? ಹೆಂಡತಿಯ ಬಾಯಲ್ಲಿ ಹೆಸರು ಬಂದಷ್ಟೂ ಗಂಡನ ಆಯಸ್ಸು ಸವೆಯುತ್ತದೆ ಎಂದು ತವರಿನಲ್ಲಿ ಕಿವಿ ಹಿಂಡಿ ಹೇಳಿಕೊಟ್ಟಿದ್ದರು. ರೀ ಎಂದು ಕೂಗಿದರೆ ಏರಿಯ ಮೇಲಿನ ಗಂಡಸರೆಲ್ಲ ತಿರುಗಿ ನೋಡುತ್ತಾರೆ. ನಿಂತಳು, ನಿಂತಳು, ಅಲ್ಲಿ ಮನೆಯಲ್ಲಿ ಮುದ್ದೆ ಆರಿ ಕಲ್ಲಾಯಿತು. ಅತ್ತೆಯಿಂದ ಬೇಕಾದಷ್ಟು ಅನ್ನಿಸಿಕೊಂಡದ್ದೂ ಆಯಿತು. ಮಾರನೆಯ ದಿನ ಹಿತ್ತಾಳೆ ತಟ್ಟೆಯನ್ನೂ ಸೌಟನ್ನೂ ಹಿಡಿದುಕೊಂಡೇ ಏರಿ ಹತ್ತಿದಳು. ಎರಡು ಏಟು ನಿಧಾನವಾಗಿ, ತುಸು ಬಿಟ್ಟು ಒಂದು ಏಟು ಜೋರಾಗಿ. ತೋಟದೊಳಗಿಂದ ಬೋರಯ್ಯನ ದನಿ ಬಂತು: "ಬಂದೆ ಬಂದೆ, ಯಾಕಂಗೆ ಬಡೀತೀಯ?"

ಅವತ್ತಿನಿಂದ ಅದೇ ರೂಢಿಯಾಯಿತು. ಅತ್ತೆ ತೀರಿಕೊಂಡಳು, ರಘು ಹುಟ್ಟಿದ, ಬೆಳೆದ, ಮನೆಗೆ ಕರೆಂಟು ಬಂತು, ತೋಟಕ್ಕೆ ಬೋರ್‌ವೆಲ್ ಬಂತು. ತಟ್ಟೆ ಬಡಿಯುವುದು ಮಾತ್ರ ನಿಲ್ಲಲಿಲ್ಲ. ಏರಿಯ ಮೇಲೆ ಕುರಿ ಮೇಯಿಸುವವರು ಆ ಸದ್ದು ಕೇಳಿ ತಮ್ಮ ಬುತ್ತಿ ಬಿಚ್ಚುತ್ತಿದ್ದರು. ಜನಗಣತಿಗೆ ಬಂದ ಮೇಷ್ಟ್ರು ಯಜಮಾನರ ಹೆಸರೇನು ಎಂದು ಕೇಳಿದಾಗ ಜಾನಕಮ್ಮ ಸೆರಗು ಬಾಯಿಗಿಟ್ಟುಕೊಂಡು ಪಕ್ಕದ ಮನೆಯವಳ ಕಡೆ ನೋಡಿದಳಂತೆ. ಅವಳ ಬಾಯಲ್ಲಿ ಗಂಡನ ಹೆಸರನ್ನು ಊರಿನಲ್ಲಿ ಯಾರೂ ಕೇಳಿದವರಿಲ್ಲ. ಬೋರಯ್ಯನೂ ಕೇಳಿರಲಿಲ್ಲ.

ತೊಂಬತ್ತೆಂಟನೇ ಇಸವಿಯಲ್ಲಿ ಬೋರಯ್ಯನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಗೊತ್ತಾದದ್ದೂ ಕಾಲಿನಿಂದ. ಹೆಬ್ಬೆರಳ ಸಂದಿಯಲ್ಲಿ ತೆಂಗಿನ ಗರಿ ಚುಚ್ಚಿ ಆದ ಗಾಯ ಹುಣ್ಣಾಗಿ, ತಿಂಗಳುಗಟ್ಟಲೆ ಮಾಯದೆ, ಕೊನೆಗೆ ಬೆರಳನ್ನೇ ತೆಗೆಯಬೇಕಾಗಬಹುದು ಎಂದರು ಡಾಕ್ಟರು. ಜಾನಕಮ್ಮ ಅಂದು ಮನೆಗೆ ಬಂದವಳೇ ಪಡುವಣ ದಿಕ್ಕಿಗೆ ತಿರುಗಿ ಕೊಳದಮ್ಮನಿಗೆ ಕೈ ಮುಗಿದಳು. ಕೊಳದಮ್ಮ ಅವರ ಮನೆದೇವರು. ಬೇಲೂರು ದಾಟಿ ಅರೇಹಳ್ಳಿಯ ಆಚೆಗಿನ ಬೆಟ್ಟದ ನೆತ್ತಿಯಲ್ಲಿ ಒಂದು ಕೊಳ, ಕೊಳದ ದಡದಲ್ಲಿ ಅವಳ ಗುಡಿ. ಬೆರಳು ಉಳಿಸಿಕೊಡು ತಾಯಿ, ಅವರನ್ನೇ ಕಾರ್ತಿಕದಲ್ಲಿ ಬರಿಗಾಲಲ್ಲಿ, ಬರಿಹೊಟ್ಟೆಯಲ್ಲಿ ಹತ್ತಿಸುತ್ತೇನೆ, ನಿನ್ನ ಕೊಳದ ನೀರನ್ನು ಅವರ ಕೈಯಲ್ಲೇ ಹೊರಿಸಿ ನಿನ್ನ ತಲೆಗೆ ಎರೆಸುತ್ತೇನೆ ಎಂದು ಹರಕೆ ಹೊತ್ತಳು. ಮದ್ದಿಗೋ ಹರಕೆಗೋ, ಹುಣ್ಣು ಮಾಯಿತು. ವಿಷಯ ತಿಳಿದ ಬೋರಯ್ಯ, "ಹರಕೆ ನಿಂದು, ಹೊಟ್ಟೆ ನಂದಾ?" ಎಂದು ನಕ್ಕ. ಆದರೆ ಬರುವುದಿಲ್ಲ ಎನ್ನಲಿಲ್ಲ. ಅಮ್ಮನ ವಿಷಯದಲ್ಲಿ ಅವನಿಗೂ ಒಳಗೊಳಗೇ ಹೆದರಿಕೆಯಿತ್ತು.

ಮುಂದಿನ ವರ್ಷ ಕಾರ್ತಿಕದಲ್ಲಿ ಊರಿನವರೆಲ್ಲ ಸೇರಿ ಟೆಂಪೋ ಗೊತ್ತು ಮಾಡಿದರು. ಹೊರಡುವ ಬೆಳಿಗ್ಗೆ ಜಾನಕಮ್ಮ ಹುರಿಗಡಲೆ, ಅಕ್ಕಿಹಿಟ್ಟು, ಬೆಲ್ಲ ಸೇರಿಸಿ ತಂಬಿಟ್ಟು ಕಟ್ಟಿದಳು. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ತಟ್ಟೆಯಲ್ಲಿ ಅದನ್ನು ಜೋಡಿಸಿ, ಮೇಲೆ ವೀಳ್ಯದೆಲೆ ಮುಚ್ಚಿ, ಹೊಸ ಬಟ್ಟೆ ಸುತ್ತಿದಳು. ಆಮೇಲೆ ಮಾತ್ರೆಯ ಯೋಚನೆ ಹತ್ತಿತು. ಯಾವ ಕಾರಣಕ್ಕೂ ಮಾತ್ರೆ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದು ಅವಳ ತಲೆಯಲ್ಲಿ ಅಚ್ಚು ಒತ್ತಿದಂತಿತ್ತು. ಆದರೆ ಇವತ್ತು ಉಪವಾಸವಲ್ಲವೇ? ಪ್ರತಿ ವರ್ಷ ಹೆಂಗಸರ ಗುಂಪನ್ನು ಬೆಟ್ಟಕ್ಕೆ ನಡೆಸುವ ಹಿರಿಯಳು ಶಿವಗಂಗಮ್ಮನನ್ನು ಕೇಳಿ ಬಂದಳು. ಔಷಧಿಗೆ ದೋಷವಿಲ್ಲ, ಗುಟುಕು ನೀರಿನಲ್ಲಿ ನುಂಗಿಸು ಎಂದು ಆಕೆ ಅಪ್ಪಣೆ ಕೊಟ್ಟಳು. ಜಾನಕಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ವಾಪಸು ಬರುವುದು ಎಷ್ಟು ಹೊತ್ತಾಗುತ್ತದೋ ಏನೋ, ರಾತ್ರಿಯ ಮಾತ್ರೆ ತಪ್ಪಿಬಿಟ್ಟರೆ? ಅದನ್ನೂ ಸೇರಿಸಿ ಒಟ್ಟಿಗೇ ಕೊಟ್ಟಳು. ಕೊಟ್ಟ ಮೇಲೆ ಅವಳ ಮನಸ್ಸಿಗೆ ಅಪರೂಪಕ್ಕೆ ನಿರಾಳವಾಯಿತು.

ಟೆಂಪೋದಲ್ಲಿ ಹಳೇಬೀಡು ದಾಟುವಾಗ ಹೊತ್ತು ಹುಟ್ಟಿತು. ಬೇಲೂರು ದಾಟಿದ ಮೇಲೆ ಹುಟ್ಟಿದ ಹೊತ್ತು ಮತ್ತೆ ಕಾಣದಾಯಿತು. ಎದುರಿಗೆ ಮಂಜು. ಬೆಟ್ಟದ ಬುಡಕ್ಕೆ ಬಂದು ಇಳಿದರೆ ಬೆಟ್ಟವೇ ಇಲ್ಲ, ಕೆಳಗಿನ ನಾಲ್ಕು ಬಂಡೆ ಬಿಟ್ಟರೆ ಮಿಕ್ಕದ್ದೆಲ್ಲ ಬಿಳಿ. ಜಾನಕಮ್ಮ ಗಂಡನ ಬರಿಗಾಲನ್ನೇ ನೋಡುತ್ತಿದ್ದಳು. ಕಲ್ಲು ಚುಚ್ಚಿದರೆ, ಮತ್ತೆ ಹುಣ್ಣಾದರೆ ಎಂಬುದೇ ಅವಳ ಚಿಂತೆ.

ಅಲ್ಲಿ ಶಿವಗಂಗಮ್ಮ ಎಲ್ಲರನ್ನೂ ನಿಲ್ಲಿಸಿಕೊಂಡು ಕಟ್ಟುಪಾಡು ನೆನಪಿಸಿದಳು. ಆ ಬೆಟ್ಟದ ಮೇಲೆ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಹೆಂಗಸರೆಲ್ಲ ಅವ್ವ, ಗಂಡಸರೆಲ್ಲ ಅಪ್ಪ, ಅಷ್ಟೇ. ಹೆಸರು ಕೂಗಿದರೆ ಕೊಳದಮ್ಮನಿಗೂ ಅದು ಗೊತ್ತಾಗುತ್ತದೆ, ಗೊತ್ತಾದ ಮೇಲೆ ಅವಳೂ ಕರೆಯುತ್ತಾಳೆ. ಹಾಗಾಗಿ ಬೆಟ್ಟದ ಮೇಲೆ ನಿಮ್ಮ ಹೆಸರು ಕಿವಿಗೆ ಬಿದ್ದರೆ ಅದು ಮನುಷ್ಯರ ದನಿಯಲ್ಲ, ಬಾಯಿ ಬಿಗಿಹಿಡಿದುಕೊಂಡಿರಬೇಕು, ಓಗೊಟ್ಟವನು ಮುಂದಿನ ಕಾರ್ತಿಕ ಕಾಣುವುದಿಲ್ಲ. ನಮ್ಮೂರಿನ ದ್ಯಾವಯ್ಯ ಹಾಗೆಯೇ ಹೋದದ್ದು ಎಂದಳು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬೆಟ್ಟದಲ್ಲಿ ಯಾರೋ ತನ್ನನ್ನು ಕರೆದರು, ತಾನು ಓ ಎಂದುಬಿಟ್ಟೆ ಎಂದು ಹೇಳಿಕೊಂಡು ಮಲಗಿದ ಗಟ್ಟಿ ಆಳು ಯುಗಾದಿಯವರೆಗೂ ಬಾಳಲಿಲ್ಲ.

ಗಂಡಸರು ಬಂಡೆಯ ದಾರಿಯಲ್ಲಿ ಹತ್ತಿ ಕೊಳದಿಂದ ಬಿಂದಿಗೆ ತುಂಬಿಸಿಕೊಂಡು, ದಡವನ್ನು ಒಂದು ಸುತ್ತು ಬಂದು ಗುಡಿ ಸೇರಬೇಕು. ಹೆಂಗಸರದು ಮೆಟ್ಟಿಲ ದಾರಿ. ತಂಬಿಟ್ಟಿನ ತಟ್ಟೆಯನ್ನು ಗುಡಿಯ ಬಾಗಿಲು ಮುಟ್ಟುವ ತನಕ ನೆಲಕ್ಕೆ ಇಳಿಸುವಂತಿಲ್ಲ. ಬೋರಯ್ಯ ಬಿಂದಿಗೆ ಹೆಗಲಿಗಿಟ್ಟುಕೊಂಡು, ಜೊತೆಗಾರ ಕೆಂಚಪ್ಪನ ಹಿಂದೆ ಮಂಜಿನೊಳಗೆ ಹೋದ.

ಮೆಟ್ಟಿಲು ಹತ್ತುವಾಗ ಜಾನಕಮ್ಮನ ಪಕ್ಕದಲ್ಲಿದ್ದವಳು ಲತಾಮಣಿ. ಕೆಳಗಿನ ಬೀದಿಯ ಚಲುವಮ್ಮನ ಮಗಳು, ಅರಸೀಕೆರೆಯಲ್ಲಿ ನರ್ಸು. ಅವರ ಮನೆಯವರು ಬೌದ್ಧ ಧರ್ಮಕ್ಕೆ ಸೇರಿ, ಗೋಡೆಯ ಮೇಲೆ ಬುದ್ಧನ ಪಟ ಬಂದಿತ್ತು. ಆದರೆ ಚಲುವಮ್ಮ ಮಾತ್ರ, ಬುದ್ಧನಿಗೆ ನಾನು ಹೇಳಿಕೊಳ್ಳುತ್ತೇನೆ, ಅಮ್ಮನ ಬೆಟ್ಟ ಬಿಡಲ್ಲ ಎಂದು ಹಟ ಹಿಡಿದಿದ್ದಳು. ತಾಯಿಯ ಮಂಡಿ ನೋವಿನ ದೆಸೆಯಿಂದ ಲತಾಮಣಿ ಜೊತೆಗೆ ಬಂದಿದ್ದಳು. ನರ್ಸು ಸಿಕ್ಕರೆ ಜಾನಕಮ್ಮ ಬಿಡುತ್ತಾಳೆಯೇ? ಕಾಲು, ಹುಣ್ಣು, ಕಲ್ಲು ಎಲ್ಲವನ್ನೂ ಹೇಳಿಕೊಂಡಳು. ಹೇಳುತ್ತ ಹೇಳುತ್ತ ಮಾತ್ರೆಯನ್ನು ಮಾತ್ರ ತಪ್ಪಿಸಿಲ್ಲ ಕಣವ್ವ, ರಾತ್ರಿಯದನ್ನೂ ಬೆಳಿಗ್ಗೆಯೇ ಕೊಟ್ಟುಬಿಟ್ಟೆ ಎಂದಳು, ಸ್ವಲ್ಪ ಹೆಮ್ಮೆಯಿಂದಲೇ.

ಲತಾಮಣಿ ನಿಂತುಬಿಟ್ಟಳು. "ಅವ್ವ, ನಿಮ್ಮ ಯಜಮಾನ್ರು ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದಾರಾ?"

"ಉಪಾಸ ಅಲ್ವಾ? ಗುಟುಕು ನೀರು ಅಷ್ಟೇಯ."

ಲತಾಮಣಿ ಗದರಲಿಲ್ಲ. ಗದರಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲವೇನೋ. ಮೆಲ್ಲಗೆ, ಬಿಡಿಸಿ ಹೇಳಿದಳು. ಆ ಮಾತ್ರೆ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಹೊಟ್ಟೆಗೆ ಏನೂ ಬೀಳದೆ, ಎರಡು ಮಾತ್ರೆ ಬಿದ್ದು, ಮೇಲೆ ಬೆಟ್ಟ ಬೇರೆ ಹತ್ತಿದರೆ, ಅದು ಇಳಿದು ಇಳಿದು ತಳ ಮುಟ್ಟುತ್ತದೆ. ಮೊದಲು ಬೆವರು, ನಡುಕ. ಆಮೇಲೆ ಎಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ. ಆಮೇಲೆ ಬಿದ್ದುಬಿಡುತ್ತಾರೆ. ಬೇಗ ಸಿಕ್ಕಿದರೆ ಒಂದಿಷ್ಟು ಬೆಲ್ಲ ಸಾಕು, ಸಿಗಬೇಕು ಅಷ್ಟೇ ಎಂದಳು.

ಜಾನಕಮ್ಮ ಬದುಕಿಡೀ ಇಲ್ಲದ ಅಪಾಯಗಳಿಗೆಲ್ಲ ಹೆದರಿದವಳು, ಇದ್ದ ಒಂದೇ ಒಂದು ಅಪಾಯವನ್ನು ತಾನೇ ಅಂಗೈಯಲ್ಲಿಟ್ಟು ನುಂಗಿಸಿದ್ದಳು. ಹರಕೆಯೂ ಅವಳದೇ, ಮಾತ್ರೆಯೂ ಅವಳದೇ. ತಟ್ಟೆಯನ್ನು ಎದೆಗೆ ಅವುಚಿಕೊಂಡು ಉಳಿದ ಮೆಟ್ಟಿಲುಗಳನ್ನು ಓಡಿಯೇ ಹತ್ತಿದಳು. ದಾರಿ ಬಿಡಿ ಎನ್ನಲೂ ಅವಳಿಗೆ ಉಸಿರಿರಲಿಲ್ಲ.

ಮೇಲೆ ಗುಡಿಯ ಮುಂದೆ ಗಂಡಸರು ಒಬ್ಬೊಬ್ಬರಾಗಿ ಬಿಂದಿಗೆ ಇಳಿಸುತ್ತಿದ್ದರು. ಕೆಂಚಪ್ಪ ಇದ್ದ. ಬೋರಯ್ಯ ಇರಲಿಲ್ಲ. ನನ್ನ ಹಿಂದೆಯೇ ನೀರು ತುಂಬುತ್ತಿದ್ದ, ಒಂದು ಗಳಿಗೆ ಕೂತು ಬರ್ತೀನಿ ನಡಿ ಅಂದ, ಆಮೇಲೆ ಮಂಜಿನಲ್ಲಿ ಕಾಣಲಿಲ್ಲ ಎಂದ ಕೆಂಚಪ್ಪ. ಕೊಳಕ್ಕೆ ಮೆಟ್ಟಿಲಿದ್ದದ್ದು ಒಂದೇ ಕಡೆ. ಮಿಕ್ಕ ಕಡೆಯೆಲ್ಲ ಜಾರುವ ಬಂಡೆ, ಆಳೆತ್ತರದ ಜೊಂಡು, ಅದರಾಚೆ ಆಳ. ಆ ದಡದಲ್ಲಿ ಈಗ ತನ್ನ ಕೈಯೇ ತನಗೆ ಕಾಣದಂಥ ಮಂಜು.

ಗಂಡಸರು ಹುಡುಕಲು ಆಚೀಚೆ ಹೊರಟರು. ಜಾನಕಮ್ಮ ದಡದ ಬಂಡೆಯ ಮೇಲೆ ನಿಂತು ಕೂಗಿದಳು, "ಓ ಅಪ್ಪಾ!" ಮಂಜಿನ ಆ ಮೂಲೆ ಈ ಮೂಲೆಯಿಂದ ಏನವ್ವಾ, ಏನವ್ವಾ ಎಂದು ಬೇರೆ ಬೇರೆ ಊರಿನ ಅಪ್ಪಂದಿರು ಮಾರುತ್ತರ ಕೊಟ್ಟರು. ಅವರಲ್ಲಿ ಒಂದು ದನಿಯೂ ಅವಳ ಗಂಡನದಲ್ಲ. ಮತ್ತೆ ಕೂಗಿದಳು, ಮತ್ತೆ ಅದೇ ಅಪ್ಪಂದಿರು. ಬೆಟ್ಟದ ತುಂಬ ಇರುವ ಅಪ್ಪಂದಿರಲ್ಲಿ ತನ್ನನ್ನೇ ಕರೆಯುತ್ತಿದ್ದಾರೆ ಎಂದು, ತಲೆ ಮಂಕಾಗಿ ಕೂತವನಿಗೆ ಹೇಗೆ ತಿಳಿಯಬೇಕು?

ಅಷ್ಟರಲ್ಲಿ ಮೇಲೆ ಬಂದು ಸೇರಿದ ಲತಾಮಣಿ ಅವಳ ತೋಳು ಹಿಡಿದು, ಹೆಸರು ಹಿಡಿದು ಕೂಗಿ ಅವ್ವ, ಹೊತ್ತು ಮೀರುತ್ತಿದೆ ಎಂದಳು. ಶಿವಗಂಗಮ್ಮ ಬೇಡ ಎಂದು ಕೈ ಅಡ್ಡ ಮಾಡಿದಳು. ಅವರಿಬ್ಬರ ನಡುವೆ ಜಾನಕಮ್ಮ ನಿಂತಳು. ಹೆಂಡತಿ ಹೇಳಿದರೆ ಆಯಸ್ಸು ಸವೆಯುವ ಹೆಸರು. ಬೆಟ್ಟದಲ್ಲಿ ಕೂಗಿದರೆ ಅಮ್ಮ ಕೇಳಿಸಿಕೊಳ್ಳುವ ಹೆಸರು. ಕೂಗದಿದ್ದರೋ? ಆ ಹೆಸರಿನ ಮನುಷ್ಯನೇ ಇರುವುದಿಲ್ಲ. ಒಂದು ಸಲ ಬಾಯಿ ತೆರೆದಳು, ಬರೀ ಗಾಳಿ ಬಂತು. ಇನ್ನೊಂದು ಸಲ ತೆರೆದಾಗ, ಯಾರದೋ ಗಂಟಲಿನಿಂದ ಬಂದಂತೆ, ಹರಿದ ದನಿಯಲ್ಲಿ ಅದು ಹೊರಗೆ ಬಂತು.

"ಬೋರಯ್ಯಾ!"

ಮಂಜಿನಲ್ಲಿ ಆವರೆಗೆ ಏನವ್ವಾ ಎನ್ನುತ್ತಿದ್ದವರೆಲ್ಲ ಒಮ್ಮೆಗೇ ಸುಮ್ಮನಾದರು. ಅವಳು ಮತ್ತೆ ಕೂಗಿದಳು, ಮೂರನೆಯ ಸಲವೂ ಕೂಗಿದಳು. ಕೊಳದ ಕಡೆಯಿಂದ ಒಂದು ಪಿಸುಮಾತೂ ಬರಲಿಲ್ಲ.

ಆಗ ಅವಳಿಗೆ ಹೊಳೆಯಿತು. ಅವನು ಅಲ್ಲೇ ಇದ್ದರೂ, ಎಚ್ಚರವಾಗಿದ್ದರೂ ಓ ಎನ್ನುವುದಿಲ್ಲ. ಹೆಸರು ಕೇಳಿದರೆ ಬಾಯಿ ಮುಚ್ಚಿಕೊಂಡಿರಬೇಕೆಂದು ಚಿಕ್ಕಂದಿನಿಂದ ಕಲಿತವನು. ತಾನು ಕೂಗಿದಷ್ಟೂ ಅವನು ಅವಿತುಕೊಳ್ಳುತ್ತಾನೆ. ಅಯ್ಯೋ, ಮಾಡಬಾರದ್ದನ್ನು ಮಾಡಿಯೂ ಕೆಲಸಕ್ಕೆ ಬರಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು. ಅಳುತ್ತ ಕಣ್ಣೊರೆಸಿಕೊಳ್ಳಲು ಕೈ ಎತ್ತಿದರೆ ಕೈಯಲ್ಲಿ ತಟ್ಟೆ.

ಒಂದು ಕ್ಷಣವೂ ಯೋಚಿಸಲಿಲ್ಲ. ದಿಗಿಲು ಜಾನಕಮ್ಮ ಯೋಚಿಸದೆ ಮಾಡಿದ ಕೆಲಸ ಬಹುಶಃ ಅದೊಂದೇ. ತಟ್ಟೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಅಮ್ಮನಿಗೆಂದು ಕಟ್ಟಿದ ತಂಬಿಟ್ಟನ್ನು ಅಷ್ಟಕ್ಕಷ್ಟೂ ತನ್ನ ಮಡಿಲಿಗೆ ಸುರಿದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲ ಬಳಿಯ ಕಲ್ಲೊಂದನ್ನು ಎತ್ತಿಕೊಂಡು ಬಡಿದಳು. ಎರಡು ಏಟು ನಿಧಾನವಾಗಿ, ತುಸು ಬಿಟ್ಟು ಒಂದು ಏಟು ಜೋರಾಗಿ. ಗುಡಿಯ ಮುಂದೆ ಬಾರಿಸುತ್ತಿದ್ದ ಜಾಗಟೆಯನ್ನು ಯಾರೋ ನಿಲ್ಲಿಸಿದರು. ಮತ್ತೆ ಬಡಿದಳು. ಮತ್ತೆ ಬಡಿದಳು.

ಜೊಂಡಿನ ಕಡೆಯಿಂದ, ನಿದ್ದೆಯಲ್ಲಿ ಮಾತಾಡುವವರ ಹಾಗೆ ತೊದಲುತ್ತ ಒಂದು ದನಿ ಬಂತು.

"ಬಂದೆ... ಬಂದೆ... ಯಾಕಂಗೆ ಬಡೀತೀಯ?"

ಆ ದನಿ ಹಿಡಿದುಕೊಂಡು ಲತಾಮಣಿ ಮುಂದೆ, ಜಾನಕಮ್ಮ ಹಿಂದೆ ಬಂಡೆ ಜಾರುತ್ತ ಏಳುತ್ತ ಹೋದರು. ಬೋರಯ್ಯ ಜೊಂಡಿನ ಅಂಚಿನಲ್ಲಿ ಎರಡೂ ಕಾಲನ್ನು ನೀರಿಗೆ ಬಿಟ್ಟುಕೊಂಡು ಕೂತಿದ್ದ. ಬಿಂದಿಗೆ ಉರುಳಿತ್ತು. ಆ ಚಳಿಯಲ್ಲೂ ಅಂಗಿ ಬೆವರಿಗೆ ಮೈಗಂಟಿತ್ತು. ಏಳಲು ನೋಡುತ್ತಿದ್ದ, ಆದರೆ ನೀರಿನ ಕಡೆಗೇ ವಾಲುತ್ತಿದ್ದ, ಅತ್ತಲೇ ಮನೆಯಿದೆ ಎನ್ನುವವನ ಹಾಗೆ. ಲತಾಮಣಿ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದುಕೊಂಡಳು. ಜಾನಕಮ್ಮ ಮಡಿಲಿನಿಂದ ತಂಬಿಟ್ಟು ಮುರಿದು ಅವನ ಬಾಯಿಗಿಟ್ಟಳು. ನೈವೇದ್ಯವಾಗದ ತಂಬಿಟ್ಟು, ಮುಗಿಯದ ಉಪವಾಸ. ಅವರ ಬೆನ್ನಿಗೇ ಬಂದಿದ್ದ ಶಿವಗಂಗಮ್ಮ ಬೇಡ ಎನ್ನಲು ಹೋದವಳು ಅವನ ಮುಖ ನೋಡಿದಳು. ಆಮೇಲೆ ತನ್ನ ತಟ್ಟೆಯಿಂದಲೂ ಒಂದು ಉಂಡೆ ತೆಗೆದುಕೊಟ್ಟಳು.

ಮಂಜು ಸ್ವಲ್ಪ ಸ್ವಲ್ಪವಾಗಿ ಹರಿಯಿತು. ಬೋರಯ್ಯನ ನಡುಕ ನಿಂತಿತು, ಕಣ್ಣಿಗೆ ಕಳೆ ಬಂತು. ಇನ್ನು ಹೆದರಬೇಡಿ, ಆದರೆ ಇಳಿದ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು, ಎರಡು ಮಾತ್ರೆ ಹೊಟ್ಟೆಯಲ್ಲಿದೆ ಎಂದು ಲತಾಮಣಿ ಹೇಳಿ, ಅವನನ್ನು ಹೊತ್ತುಕೊಂಡು ಇಳಿಸುವವರನ್ನು ಕರೆತರಲು ಹೋದಳು. ಜಾನಕಮ್ಮ ಗಂಡನ ಒದ್ದೆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಲ್ಲಿ ಒರೆಸತೊಡಗಿದಳು. ಬೆರಳಿಗೆ ಏನೂ ಆಗಿರಲಿಲ್ಲ.

ಆದರೆ ಬೋರಯ್ಯನ ಮುಖ ತಿಳಿಯಾಗಲಿಲ್ಲ. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ. ತನ್ನನ್ನು ಅಮ್ಮ ಕರೆದಳಂತೆ. ಹೆಸರು ಹಿಡಿದು, ಮೂರು ಸಲ. ಎರಡು ಸಲ ಬಾಯಿ ಬಿಗಿಹಿಡಿದುಕೊಂಡೆ, ಮೂರನೆಯ ಸಲ ಮನಸ್ಸಿನಲ್ಲಿ ಓ ಅಂದುಬಿಟ್ಟೆ ಎಂದ. "ಅಟ್ಟದ ಮೇಲಿನ ಕೊಬ್ಬರೀನ ಸಂಕ್ರಾಂತಿ ಕಳೆದ್ ಮೇಲೇ ಒಡೆಸೋಕೆ ಹೇಳು ರಘುಗೆ. ಮೊದ್ಲೇ ಇಳಿಸಿದ್ರೆ ಹಸಿ ಇರ್ತದೆ. ಕರೇ ಎಮ್ಮೇನ ಮಾತ್ರ ಮಾರಬೇಡಿ."

ಯೋಚನೆಯೆಂದರೇನೆಂದೇ ಅರಿಯದ ಗಂಡಸು ಹೀಗೆ ಎಮ್ಮೆ, ಕೊಬ್ಬರಿ ಒಪ್ಪಿಸತೊಡಗಿದ್ದನ್ನು ಕಂಡು ಜಾನಕಮ್ಮನಿಗೆ ದ್ಯಾವಯ್ಯನ ನೆನಪಾಯಿತು. ಅವನೂ ಬೆಟ್ಟ ಇಳಿದ ದಿನ ಹೀಗೇ ಶುರುಮಾಡಿದ್ದ. ಅವನಿಗೆ ರೋಗವಿರಲಿಲ್ಲ. ಹೋಗುತ್ತೇನೆಂದು ತಿಳಿದುಕೊಂಡ, ಊಟ ಬಿಟ್ಟ, ಹೋದ.

"ಕರೆದಿದ್ದು ಅಮ್ಮ ಅಲ್ಲ ಕಣ್ರೀ," ಎಂದಳು. "ನಾನು."

ಬೋರಯ್ಯ ತಲೆಯಾಡಿಸಿದ. ತನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡ. "ನಿನ್ ದನಿ ನಂಗೊತ್ತಿಲ್ವೇನೇ? ಅದು ನಿನ್ ದನಿ ಅಲ್ಲ. ಅಂಥಾ ದನೀನ ಹುಟ್ಟಿದಾಗಿಂದ ನಾನು ಕೇಳೇ ಇಲ್ಲ."

ಎಲ್ಲಿಂದ ಕೇಳಬೇಕು? ಜಾನಕಮ್ಮ ಗುಡಿಯ ಕಡೆ ನೋಡಿದಳು. ಮಂಜು ಹರಿದು ಗುಡಿಯ ಬಾಗಿಲು ಕಾಣುತ್ತಿತ್ತು, ಒಳಗೆ ದೀಪವೂ ಕಾಣುತ್ತಿತ್ತು. ಮೂರು ಸಲ ಕೂಗಿದ್ದಕ್ಕೇ ಎಷ್ಟು ಆಯಸ್ಸು ಸವೆಯಿತೋ, ಇನ್ನೊಂದು ಸಲ ಹೇಳಿದರೆ ಏನು ಕಾದಿದೆಯೋ ಎಂದು ದಿಗಿಲಾಯಿತು. ಕೇಳಿಸಿಕೊಳ್ಳುವವಳು ಕೇಳಿಸಿಕೊಳ್ಳಲಿ ಎಂದುಕೊಂಡಳು. ಕಾಲು ಒರೆಸುವುದನ್ನು ನಿಲ್ಲಿಸಿ, ಮುಖಕ್ಕೆ ಮುಖ ಕೊಟ್ಟು ಕೂತಳು.

"ಬೋರಯ್ಯಾ," ಎಂದಳು.

ತಂಬಿಟ್ಟು ಅಗಿಯುತ್ತಿದ್ದ ಅವನ ಬಾಯಿ ನಿಂತಿತು. ಅವಳನ್ನೇ ನೋಡಿದ. ಇಷ್ಟು ವರ್ಷ ಮನೆಯಲ್ಲಿದ್ದವಳು ಇವಳೇನಾ ಎಂಬಂತೆ ನೋಡುತ್ತಲೇ ಇದ್ದ. ಅವನು ಹಾಗೆ ನೋಡುತ್ತಿದ್ದದ್ದಕ್ಕೆ ಹೆದರಿ, ಅವಳು ಇನ್ನೊಂದು ಸಲ, ಈ ಬಾರಿ ಮೆಲ್ಲಗೆ, ಅದೇ ಹೆಸರು ಹೇಳಿದಳು.

"ಓ," ಎಂದ ಬೋರಯ್ಯ.